ಕಾರ್ಬನ್ ನ್ಯಾನೊಟ್ಯೂಬಿಗೆ ಪಾಲಿಮರ್ ಕಸಿ ಕಟ್ಟುವುದು ಹೇಗೆ: ಆಸಿಡ್ ಫ್ಲಾಸ್ಕಿನಿಂದ ಫಿಲ್ಮ್‌ವರೆಗೆ

ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳ ಪುಡಿ ತಂದು ಪಾಲಿಮರ್‌ಗೆ ಸುಮ್ನೆ ಕಲಸಿದರೆ ಹೆಚ್ಚಿನ ಸಲ ಸಿಗುವುದು ಕಪ್ಪಗಾದ, ಮೊದಲಿಗಿಂತ ಬೇಗ ಹರಿದುಹೋಗುವ ಪ್ಲಾಸ್ಟಿಕ್. ಟ್ಯೂಬಿನಲ್ಲಿ ಬಲ ಇಲ್ಲ ಅಂತಲ್ಲ. ಅದರ ಬಿಗಿತ ಸುಮಾರು 1 ಟೆರಾಪಾಸ್ಕಲ್, ಉಕ್ಕಿನ ಐದು ಪಟ್ಟು. 2000ದಲ್ಲಿ ಬಹುಪದರದ ಟ್ಯೂಬುಗಳನ್ನು ಒಂದೊಂದಾಗಿ ಎಳೆದು ನೋಡಿದಾಗ ಹೊರಪದರ 11ರಿಂದ 63 ಗಿಗಾಪಾಸ್ಕಲ್‌ವರೆಗೆ ತಾಳಿತ್ತು. ಆದರೆ ಟ್ಯೂಬುಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತವೆ. ಗಂಟು ಬಿಡಿಸಿದರೂ ಅವುಗಳ ಮೈ ಗ್ರಾಫೈಟಿನಷ್ಟೇ ನುಣುಪು, ಪಾಲಿಮರ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಕಾಂಕ್ರೀಟಿಗೆ ಹಾಕುವ ಕಂಬಿಯ ಮೇಲೆ ಏಣು ಇರುವುದು ಇದೇ ಕಾರಣಕ್ಕೆ, ಅಲ್ವಾ?

ಈ ಏಣು ಮೂಡಿಸುವ ಕೆಲಸವೇ ಪಾಲಿಮರ್ ಕಸಿ, ಅಂದರೆ ಟ್ಯೂಬಿನ ಮೈಗೆ ಪಾಲಿಮರ್ ಸರಪಳಿಗಳನ್ನು ರಾಸಾಯನಿಕ ಬಂಧದಿಂದ ಕಟ್ಟುವುದು. ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿರುವವರನ್ನು, ಪಿಎಚ್.ಡಿ. ಈಗಷ್ಟೇ ಶುರು ಮಾಡಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಬಹುಪದರದ ನ್ಯಾನೊಟ್ಯೂಬ್ ಮತ್ತು ಪಾಲಿವಿನೈಲ್ ಆಲ್ಕೊಹಾಲ್, ಅಂದರೆ ಪಿವಿಎ ಜೋಡಿಯನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಯಾ-ಪಿಂಗ್ ಸನ್ ಅವರ ತಂಡ 2003ರಲ್ಲಿ ತೋರಿಸಿದ ದಾರಿ ಇದು. ಯಾವ ಪಾಲಿಮರ್‌ನ ಕಾಂಪೊಸಿಟ್ (ಟ್ಯೂಬ್ ಬೆರೆಸಿದ ಪ್ಲಾಸ್ಟಿಕ್) ಮಾಡುತ್ತೀರೋ ಅದೇ ಪಾಲಿಮರನ್ನು ಟ್ಯೂಬಿನ ಮೈಗೂ ಕಟ್ಟುವುದು ಅವರ ಉಪಾಯ. ಆಗ ಟ್ಯೂಬಿಗೂ ಸುತ್ತಲಿನ ಪ್ಲಾಸ್ಟಿಕ್‌ಗೂ ಹೊಂದಾಣಿಕೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಪಿವಿಎ ಅಗ್ಗ, ನೀರಿನಲ್ಲಿ ಕರಗುತ್ತದೆ, ಫಿಲ್ಮ್ ಸುಲಭವಾಗಿ ಬರುತ್ತದೆ. ಕೈ ಪಳಗಿಸಲು ಒಳ್ಳೆಯ ಜೋಡಿ.

ಮೊದಲು ಒಂದು ಲೆಕ್ಕ

ಟ್ಯೂಬ್ ಜಾರಿ ಹೊರಬರದೆ, ತಾನೇ ಮುರಿಯುವವರೆಗೂ ಹೊರೆ ಹೊರಬೇಕಾದರೆ ಅದಕ್ಕೆ ಒಂದು ಕನಿಷ್ಠ ಉದ್ದ ಬೇಕು. ಟ್ಯೂಬಿನ ಬಲವನ್ನು ವ್ಯಾಸದಿಂದ ಗುಣಿಸಿ, ಪಾಲಿಮರ್ ಹಿಡಿತದ ಎರಡರಷ್ಟರಿಂದ ಭಾಗಿಸಿದರೆ ಆ ಉದ್ದ ಸಿಗುತ್ತದೆ. ಬಲ 30 ಗಿಗಾಪಾಸ್ಕಲ್, ವ್ಯಾಸ 15 ನ್ಯಾನೊಮೀಟರ್, ಹಿಡಿತ 50 ಮೆಗಾಪಾಸ್ಕಲ್ ಎಂದುಕೊಳ್ಳಿ. ಉತ್ತರ 4.5 ಮೈಕ್ರೊಮೀಟರ್. ಹಿಡಿತವನ್ನು 200 ಮೆಗಾಪಾಸ್ಕಲ್‌ಗೆ ಏರಿಸಿದರೆ 1.1 ಮೈಕ್ರೊಮೀಟರ್ ಸಾಕು. ಟ್ಯೂಬ್ ಪೊಳ್ಳು ಎಂಬುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಂದಾಜಿಗೆ ಇಷ್ಟು ಸಾಕು.

ಈಗ ಇದರ ಇನ್ನೊಂದು ಮುಖ ನೋಡಿ. ಹಿಡಿತ ಹೆಚ್ಚಿಸಲು ನೀವು ಬಳಸುವ ಆಸಿಡ್ಡೂ, ಅಲ್ಟ್ರಾಸೌಂಡ್ ಅಲೆಗಳಿಂದ ಗಂಟು ಬಿಡಿಸುವ ಸೋನಿಕೇಟರೂ ಟ್ಯೂಬನ್ನು ತುಂಡು ಮಾಡುತ್ತವೆ. ಹಲವು ಮೈಕ್ರೊಮೀಟರ್ ಇದ್ದದ್ದು ಅರ್ಧ ಮೈಕ್ರೊಮೀಟರ್‌ಗೆ ಇಳಿಯುವುದು ಕಷ್ಟವೇನಲ್ಲ. ಹಿಡಿತ ನಾಲ್ಕು ಪಟ್ಟು ಏರಿ ಉದ್ದ ಹತ್ತು ಪಟ್ಟು ಇಳಿದರೆ ನೀವು ಗೆದ್ದಿಲ್ಲ, ಸೋತಿದ್ದೀರಿ. ಮುಂದಿನ ಪ್ರತಿ ಹೆಜ್ಜೆಯಲ್ಲೂ ನಾನು 'ಕಡಿಮೆ ಹೊತ್ತು, ಕಡಿಮೆ ಬಿಸಿ' ಅನ್ನುವುದು ಇದಕ್ಕೇ.

ನಿಮಗೆ ನಿಜಕ್ಕೂ ಕಸಿ ಬೇಕೇ?

ವಿದ್ಯುತ್ ಹರಿಯುವ ಪ್ಲಾಸ್ಟಿಕ್ ನಿಮ್ಮ ಗುರಿಯಾಗಿದ್ದರೆ ಬಹುಶಃ ಬೇಡ. ರಾಸಾಯನಿಕ ಬಂಧ ಕೂತ ಜಾಗದಲ್ಲಿ ಕಾರ್ಬನ್ ಜಾಲ ಕೆಡುತ್ತದೆ, ಎಲೆಕ್ಟ್ರಾನ್ ಓಟಕ್ಕೆ ತಡೆ ಬೀಳುತ್ತದೆ. ಮೇಲಿಂದ ಕಸಿಯಾದ ಪಾಲಿಮರ್ ಎರಡು ಟ್ಯೂಬುಗಳ ನಡುವೆ ಇನ್ಸುಲೇಶನ್ ಆಗಿಬಿಡುತ್ತದೆ. ಇಂಥ ಕೆಲಸಕ್ಕೆ ಪಾಲಿಮರನ್ನು ಬಂಧ ಇಲ್ಲದೆ ಸುತ್ತುವ ದಾರಿ ಒಳ್ಳೆಯದು. ಪಾಲಿವಿನೈಲ್ ಪೈರೋಲಿಡೋನ್‌ನಂಥ ಪಾಲಿಮರ್ ಟ್ಯೂಬಿಗೆ ಸುತ್ತಿಕೊಳ್ಳುತ್ತದೆ ಎಂದು ರೈಸ್ ವಿಶ್ವವಿದ್ಯಾಲಯದ ಸ್ಮಾಲಿ ತಂಡ 2001ರಲ್ಲಿ ತೋರಿಸಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಹಾಂಗ್‌ಜೀ ದಾಯ್ ತಂಡ ಪೈರೀನ್ ಎಂಬ ಚಪ್ಪಟೆ ಅಣುವನ್ನು ಕೊಕ್ಕೆಯಾಗಿ ಬಳಸಿತು. ಕಾರ್ಬನ್ ಜಾಲಕ್ಕೆ ಗಾಯವಾಗುವುದಿಲ್ಲ, ಆದರೆ ಎಳೆತಕ್ಕೆ ಸಿಕ್ಕರೆ ಈ ಹಿಡಿತ ಜಾರಬಹುದು.

ಬಲ ಬೇಕು ಅಂದರೆ ಕಸಿ. ಅದರಲ್ಲೂ ಬಹುಪದರದ ಟ್ಯೂಬ್ ತೆಗೆದುಕೊಳ್ಳಿ. ಹೊರಪದರ ಒಂದಿಷ್ಟು ಕೆಟ್ಟರೂ ಒಳಗಿನವು ಹಾಗೇ ಉಳಿಯುತ್ತವೆ. ಒಂದೇ ಪದರದ ಟ್ಯೂಬಿಗೆ ಈ ರಿಯಾಯಿತಿ ಇಲ್ಲ.

ಕಸಿಯಲ್ಲಿ ಎರಡು ಬಗೆ. ಮೊದಲೇ ತಯಾರಾದ ಪಾಲಿಮರ್ ಸರಪಳಿಯನ್ನು ತಂದು ಟ್ಯೂಬಿಗೆ ಕಟ್ಟುವುದು 'ಗ್ರಾಫ್ಟಿಂಗ್ ಟು'. ಟ್ಯೂಬಿನ ಮೈಯಿಂದಲೇ ಸರಪಳಿ ಬೆಳೆಸುವುದು 'ಗ್ರಾಫ್ಟಿಂಗ್ ಫ್ರಮ್'. ಇಲ್ಲಿ ಹೇಳುವುದು ಮೊದಲನೆಯದು. ಎರಡನೆಯದರ ಬಗ್ಗೆ ಕೊನೆಯಲ್ಲಿ ಸ್ವಲ್ಪ ಬರೆದಿದ್ದೇನೆ.

ಬಾಟಲಿ ತೆರೆಯುವ ಮುನ್ನ

ಒಣ ನ್ಯಾನೊಟ್ಯೂಬ್ ಪುಡಿ ಗಾಳಿಯಲ್ಲಿ ತೇಲುತ್ತದೆ. ಮಿಟ್ಸುಯಿ ಕಂಪನಿಯ ಎಂಡಬ್ಲ್ಯೂಸಿಎನ್‌ಟಿ-7 ಎಂಬ ಉದ್ದನೆಯ, ಗಡುಸಾದ ಟ್ಯೂಬನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ '2ಬಿ' ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ನಿಯೋಶ್ ಸಂಸ್ಥೆ 2013ರಲ್ಲಿ ಸೂಚಿಸಿದ ಮಿತಿ ಎಂಟು ಗಂಟೆಯ ಸರಾಸರಿಗೆ ಘನಮೀಟರ್ ಗಾಳಿಯಲ್ಲಿ 1 ಮೈಕ್ರೊಗ್ರಾಂ. ಎಷ್ಟು ಸಣ್ಣ ಅಳತೆ ನೋಡಿ. ಹಾಗಾಗಿ ತೂಗುವುದು ಫ್ಯೂಮ್ ಹುಡ್ ಒಳಗೆ, ಮುಚ್ಚಳವಿರುವ ಬಾಟಲಿಯಲ್ಲಿ, ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಹಾಕಿಕೊಂಡು. ಚೆಲ್ಲಿದರೆ ಗುಡಿಸಬೇಡಿ, ಒದ್ದೆ ಟಿಶ್ಯೂನಿಂದ ಒರೆಸಿ. ದ್ರಾವಕದಲ್ಲಿ ನೆನೆದ ಮೇಲೆ ಹಾರುವ ಭಯ ಬಹಳ ಕಡಿಮೆ.

ಆಸಿಡ್ ಕೆಲಸಕ್ಕೆ ತೆಳು ನೈಟ್ರೈಲ್ ಗವಸು ಸಾಲದು, ಗಾಢ ನೈಟ್ರಿಕ್ ಆಸಿಡ್ ಅದನ್ನು ಬೇಗ ದಾಟುತ್ತದೆ. ಮೇಲೆ ಬ್ಯುಟೈಲ್ ಅಥವಾ ನಿಯೋಪ್ರೀನ್ ರಬ್ಬರಿನ ದಪ್ಪ ಗವಸು ಹಾಕಿ, ಮುಖಕ್ಕೆ ಶೀಲ್ಡ್ ಹಾಕಿ. ಅಸಿಟೋನ್‌ನಲ್ಲಿ ತೊಳೆದ ಫ್ಲಾಸ್ಕನ್ನು ಪೂರ್ತಿ ಒಣಗಿಸದೆ ಈ ಆಸಿಡ್‌ಗೆ ಬಳಸಬಾರದು. ಆಸಿಡ್ ತ್ಯಾಜ್ಯದ ಬಾಟಲಿಗೆ ಯಾವ ಸಾವಯವ ದ್ರಾವಕವೂ ಬೀಳಬಾರದು. ನೈಟ್ರಿಕ್ ಆಸಿಡ್ ಮತ್ತು ಅಸಿಟೋನ್ ಸೇರಿದರೆ ಬಾಟಲಿ ಸಿಡಿಯಬಹುದು.

ಹೆಜ್ಜೆ 1: ತಂದ ಟ್ಯೂಬನ್ನು ಪರೀಕ್ಷಿಸಿ

ಲೇಬಲ್ ಮೇಲೆ ಶುದ್ಧತೆ ಶೇ 95 ಎಂದಿದ್ದರೂ ಉಳಿದ ಐದರಲ್ಲಿ ಕಬ್ಬಿಣ, ಕೋಬಾಲ್ಟ್, ಅಲ್ಯುಮಿನಾ ಏನು ಬೇಕಾದರೂ ಇರಬಹುದು. ಟ್ಯೂಬ್ ಬೆಳೆಸಲು ಬಳಸಿದ ವೇಗವರ್ಧಕದ ಉಳಿಕೆ ಅದು. ಬಿಸಿ ಏರಿದಂತೆ ತೂಕ ಎಷ್ಟು ಇಳಿಯಿತೆಂದು ಅಳೆಯುವ ಟಿಜಿಎ ಯಂತ್ರದಲ್ಲಿ, ಗಾಳಿಯಲ್ಲಿ, 900 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟು ನೋಡಿ. ಕಾರ್ಬನ್ ಎಲ್ಲ ಹೋಗಿ ತಳದಲ್ಲಿ ಉಳಿಯುವುದು ಲೋಹದ ಆಕ್ಸೈಡ್. ಇದೇ ಟ್ಯೂಬಿನ ರಾಮನ್ ಸ್ಪೆಕ್ಟ್ರಮ್ ಕೂಡ ಈಗಲೇ ತೆಗೆದಿಡಿ. ಪ್ರತಿ ಸೆಂಟಿಮೀಟರ್‌ಗೆ 1350ರ ಸುಮಾರಿಗೆ ಬರುವ, ಕಾರ್ಬನ್ ಜಾಲದ ಗಾಯ ತೋರಿಸುವ ಡಿ ಪೀಕ್ ಮತ್ತು 1580ರ ಸುಮಾರಿಗೆ ಬರುವ, ಸರಿಯಿರುವ ಜಾಲದ ಜಿ ಪೀಕ್‌ಗಳ ಅನುಪಾತವೇ ಮುಂದೆ ನಿಮಗೆ ಹೋಲಿಕೆಯ ಆಧಾರ.

ಹೆಜ್ಜೆ 2: ಆಸಿಡ್‌ನಲ್ಲಿ ಮೈ ಎಬ್ಬಿಸುವುದು

ಪಾಲಿಮರ್ ಕಟ್ಟಲು ಟ್ಯೂಬಿನ ಮೇಲೆ ಕಾರ್ಬಾಕ್ಸಿಲ್ (–COOH) ಗುಂಪುಗಳು ಬೇಕು. ಗಾಢ ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಸಿಡ್‌ಗಳ 3:1 ಮಿಶ್ರಣ ಇದಕ್ಕೆ ಹೆಸರುವಾಸಿ. ಸ್ಮಾಲಿ ತಂಡ 1998ರಲ್ಲಿ ಟ್ಯೂಬುಗಳನ್ನು ತುಂಡರಿಸಲು ಬಳಸಿದ್ದೂ ಇದನ್ನೇ. ತುಂಡರಿಸಲು ಎಂಬ ಮಾತನ್ನು ಮರೆಯಬೇಡಿ.

500 ಮಿಲಿಗ್ರಾಂ ಟ್ಯೂಬಿಗೆ 80 ಮಿಲಿಲೀಟರ್ ಮಿಶ್ರಣ ಸಾಕು. ಐಸ್ ಮೇಲಿಟ್ಟ ಫ್ಲಾಸ್ಕಿನಲ್ಲಿ ಮೊದಲು 20 ಮಿಲಿಲೀಟರ್ ನೈಟ್ರಿಕ್ ಆಸಿಡ್ ತೆಗೆದುಕೊಳ್ಳಿ. ಅದಕ್ಕೆ 60 ಮಿಲಿಲೀಟರ್ ಸಲ್ಫ್ಯೂರಿಕ್ ಆಸಿಡನ್ನು ನಿಧಾನವಾಗಿ, ಕಲಕುತ್ತಾ ಸೇರಿಸಿ. ತಣ್ಣಗಾದ ಮೇಲೆ ಟ್ಯೂಬ್ ಹಾಕಿ, ಬಾತ್ ಸೋನಿಕೇಟರ್‌ನಲ್ಲಿ 15 ನಿಮಿಷ ಇಡಿ. ಆಮೇಲೆ 50ರಿಂದ 60 ಡಿಗ್ರಿಯಲ್ಲಿ 2ರಿಂದ 3 ಗಂಟೆ ಕಲಕಿ. ಕಂದು ಹೊಗೆ ಬರುತ್ತದೆ, ಅದು ವಿಷ. ಫ್ಯೂಮ್ ಹುಡ್ ಬಿಟ್ಟು ಬೇರೆಲ್ಲೂ ಈ ಕೆಲಸ ಬೇಡ. ಫ್ಲಾಸ್ಕನ್ನು ಗಟ್ಟಿಯಾಗಿ ಮುಚ್ಚಲೂಬೇಡಿ.

ಕೆಲವು ವಿಧಾನಗಳಲ್ಲಿ ಇಡೀ ದಿನ ಕುದಿಸಿ ಎಂದಿರುತ್ತದೆ. ನನ್ನ ಪ್ರಕಾರ ಬಲದ ಕಾಂಪೊಸಿಟ್ ಮಾಡುವವರಿಗೆ ಅದು ಅತಿಯಾಯಿತು. ಕಾರ್ಬಾಕ್ಸಿಲ್ ಜಾಸ್ತಿ ಸಿಗುತ್ತದೆ ನಿಜ, ಆದರೆ ಆಮೇಲೆ ನೋಡಲಿರುವಂತೆ ಅಷ್ಟೊಂದು ಗುಂಪುಗಳಿಗೆ ಪಾಲಿಮರ್ ತಲುಪುವುದೇ ಇಲ್ಲ.

ಹೊತ್ತಾದ ಮೇಲೆ ಮಿಶ್ರಣವನ್ನು ತಣ್ಣಗೆ ಮಾಡಿ, ಸುಮಾರು 800 ಮಿಲಿಲೀಟರ್ ಐಸ್ ನೀರಿಗೆ ಸಣ್ಣ ಧಾರೆಯಲ್ಲಿ ಸುರಿಯಿರಿ. ನೀರನ್ನು ಆಸಿಡ್‌ಗೆ ಸುರಿಯಬಾರದು ಎಂದು ಬೇರೆ ಹೇಳಬೇಕಿಲ್ಲ. ಒಂದು ರಾತ್ರಿ ಬಿಟ್ಟರೆ ಟ್ಯೂಬುಗಳು ತಳ ಸೇರುತ್ತವೆ. ಮೇಲಿನ ಆಸಿಡ್ ನೀರನ್ನು ಬಸಿದು ತೆಗೆದರೆ ಸೋಸುವ ಕೆಲಸ ಹಗುರ.

ಹೆಜ್ಜೆ 3: ತೊಳೆಯುವುದು, ಅದೂ ಕ್ಷಾರದಲ್ಲಿ

ಸೋಸಲು 0.2 ಮೈಕ್ರೊಮೀಟರ್ ರಂಧ್ರದ ಪಿಟಿಎಫ್ಇ (ಟೆಫ್ಲಾನ್) ಮೆಂಬ್ರೇನ್ ಬಳಸಿ. ನೈಲಾನ್, ಸೆಲ್ಯುಲೋಸ್ ಮೆಂಬ್ರೇನ್‌ಗಳು ಈ ಆಸಿಡ್‌ಗೆ ತಾಳುವುದಿಲ್ಲ. ಡಿಅಯಾನೈಸ್ಡ್ ನೀರಿನಲ್ಲಿ ಪಿಎಚ್ 6 ದಾಟುವವರೆಗೆ ತೊಳೆಯಿರಿ. ಆಸಿಡ್ ಹೋಗುತ್ತಾ ಬಂದಂತೆ ಸೋಸುವ ವೇಗ ಕುಸಿಯುತ್ತದೆ. ಗಾಬರಿ ಬೇಡ. ಟ್ಯೂಬಿನ ಮೇಲಿನ ಕಾರ್ಬಾಕ್ಸಿಲ್‌ಗಳು ಋಣ ವಿದ್ಯುದಂಶ ಪಡೆದು ಟ್ಯೂಬುಗಳು ಒಂದನ್ನೊಂದು ದೂಡುತ್ತವೆ. ಗಂಟು ಬಿಟ್ಟು ಹರಡಿಕೊಂಡು ಮೆಂಬ್ರೇನ್ ರಂಧ್ರಗಳನ್ನು ಮುಚ್ಚುತ್ತವೆ. ಸೆಂಟ್ರಿಫ್ಯೂಜ್ ಇದ್ದರೆ ಈ ಹಂತದಲ್ಲಿ ಅದಕ್ಕೆ ಬದಲಾಯಿಸಿ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಆಸಿಡ್ ಬರೀ ಟ್ಯೂಬಿನ ಮೈ ಮೇಲೆ ಕಾರ್ಬಾಕ್ಸಿಲ್ ಕೂರಿಸುವುದಿಲ್ಲ, ಇಂಗಾಲದ ಸಣ್ಣ ಚೂರುಗಳನ್ನೂ ಕಿತ್ತು ಹಾಕುತ್ತದೆ. ಆ ಚೂರುಗಳ ತುಂಬ ಕಾರ್ಬಾಕ್ಸಿಲ್ ಇರುತ್ತದೆ, ಅವು ಟ್ಯೂಬಿಗೆ ಸುಮ್ನೆ ಅಂಟಿಕೊಂಡಿರುತ್ತವೆ. ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ನೀವು ಪಾಲಿಮರ್ ಕಟ್ಟಿದಾಗ ಅದು ಟ್ಯೂಬಿಗಲ್ಲ, ಈ ಚೂರಿಗೆ ಕಟ್ಟಿಕೊಳ್ಳುತ್ತದೆ. ಎಳೆದಾಗ ಚೂರೂ ಪಾಲಿಮರೂ ಒಟ್ಟಿಗೆ ಕಳಚುತ್ತವೆ.

ಪರಿಹಾರ ಸುಲಭ. ಟ್ಯೂಬನ್ನು 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಒಂದು ಗಂಟೆ ಕಲಕಿ ಸೋಸಿ. ಸೋಸಿದ ನೀರು ಹಳದಿ-ಕಂದು ಬಣ್ಣಕ್ಕೆ ಬರುತ್ತದೆ, ಅದೇ ಆ ಚೂರುಗಳು. ಬಣ್ಣ ಬರುವುದು ನಿಲ್ಲುವವರೆಗೆ ಇದನ್ನು ಮಾಡಿ. ಆಮೇಲೆ ದುರ್ಬಲ ಹೈಡ್ರೊಕ್ಲೋರಿಕ್ ಆಸಿಡ್‌ನಲ್ಲಿ ಒಮ್ಮೆ ತೊಳೆದು ಕಾರ್ಬಾಕ್ಸಿಲೇಟ್‌ಗಳನ್ನು ಮತ್ತೆ ಆಮ್ಲ ರೂಪಕ್ಕೆ ತನ್ನಿ. ಕೊನೆಗೆ ನೀರು.

ಒಲೆಯಲ್ಲಿ ಒಣಗಿಸಿದರೆ ಗಟ್ಟಿ ಹಪ್ಪಳೆ ಆಗುತ್ತದೆ, ಮತ್ತೆ ಬಿಡಿಸಲು ಜಾಸ್ತಿ ಸೋನಿಕೇಶನ್ ಬೇಕು, ಟ್ಯೂಬ್ ಮತ್ತೆ ತುಂಡಾಗುತ್ತದೆ. ಫ್ರೀಜ್ ಡ್ರೈಯರ್ ಸಿಕ್ಕರೆ ಅದನ್ನೇ ಬಳಸಿ. ಹೀಗೆ ಒಣಗಿದ ಟ್ಯೂಬ್ ಹತ್ತಿಯಷ್ಟು ಹಗುರ, ಮುಚ್ಚಳ ತೆಗೆಯುವಾಗ ಹುಷಾರು.

ಹೆಜ್ಜೆ 4: ಎಷ್ಟು ಕಾರ್ಬಾಕ್ಸಿಲ್ ಬಂತು?

ಬೋಮ್ ಟೈಟ್ರೇಶನ್ ಇದಕ್ಕೆ ಹಳೆಯ, ನಂಬಬಹುದಾದ ವಿಧಾನ. 100 ಮಿಲಿಗ್ರಾಂ ಟ್ಯೂಬನ್ನು 25 ಮಿಲಿಲೀಟರ್ 0.01 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್‌ನಲ್ಲಿ ಒಂದು ದಿನ ಕಲಕಿ ಸೋಸಿ. ಸೋಸಿದ ದ್ರಾವಣದ ಗೊತ್ತಾದ ಅಳತೆಗೆ ಹೆಚ್ಚುವರಿ ಹೈಡ್ರೊಕ್ಲೋರಿಕ್ ಆಸಿಡ್ ಸೇರಿಸಿ, ಕುದಿಸಿ ಇಂಗಾಲದ ಡೈಆಕ್ಸೈಡ್ ಓಡಿಸಿ. ಉಳಿದ ಆಸಿಡನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಅಳೆಯಿರಿ. ಟ್ಯೂಬ್ ಇಲ್ಲದ ಖಾಲಿ ಬೈಕಾರ್ಬೊನೇಟ್‌ಗೂ ಇದನ್ನೇ ಮಾಡಿ. ಎರಡರ ವ್ಯತ್ಯಾಸವೇ ಟ್ಯೂಬ್ ಕುಡಿದ ಬೈಕಾರ್ಬೊನೇಟ್. 100 ಮಿಲಿಗ್ರಾಂಗೆ 0.1 ಮಿಲಿಮೋಲ್ ಖರ್ಚಾಗಿದ್ದರೆ ಗ್ರಾಂಗೆ 1 ಮಿಲಿಮೋಲ್ ಕಾರ್ಬಾಕ್ಸಿಲ್ ಇದೆ ಎಂದರ್ಥ. ಮುಂದಿನ ಲೆಕ್ಕಗಳಿಗೆ ಇದೇ ಅಂಕಿ ಇಟ್ಟುಕೊಳ್ಳೋಣ.

ಇನ್ಫ್ರಾರೆಡ್ ಬೆಳಕಿನ ಎಫ್‌ಟಿಐಆರ್ ಪರೀಕ್ಷೆಯನ್ನು ಜಾಸ್ತಿ ನಂಬಬೇಡಿ. ಟ್ಯೂಬ್ ಕಪ್ಪು, ಬೆಳಕನ್ನೆಲ್ಲ ನುಂಗುತ್ತದೆ, 1715ರ ಸುಮಾರಿನ ಕಾರ್ಬೊನೈಲ್ ಪೀಕ್ ಮಂಕಾಗಿ ಬರುತ್ತದೆ. ಪೊಟ್ಯಾಶಿಯಂ ಬ್ರೋಮೈಡ್ (ಕೆಬಿಆರ್) ಬಿಲ್ಲೆಯಲ್ಲಿ ಟ್ಯೂಬ್ ಶೇ 0.1ಕ್ಕಿಂತ ಕಡಿಮೆ ಇರಲಿ. 1630ರಲ್ಲಿ ಕಾಣುವ ಉಬ್ಬು ಹೆಚ್ಚಾಗಿ ಬಿಲ್ಲೆ ಹೀರಿದ ತೇವ. ಎಕ್ಸ್-ಕಿರಣದಿಂದ ಮೇಲ್ಮೈಯನ್ನು ಪರೀಕ್ಷಿಸುವ ಎಕ್ಸ್‌ಪಿಎಸ್ ಸಿಕ್ಕರೆ 289 ಎಲೆಕ್ಟ್ರಾನ್ ವೋಲ್ಟ್ ಹತ್ತಿರದ ಕಾರ್ಬಾಕ್ಸಿಲ್ ಪೀಕ್ ಹೆಚ್ಚು ಖಚಿತ. ಇಂಥ ಉಪಕರಣ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಐಐಎಸ್‌ಸಿಯ ಸೆನ್ಸ್ ಕೇಂದ್ರದಲ್ಲಿ ಹೊರಗಿನವರೂ ಬಳಸಬಹುದಾದ ಪರೀಕ್ಷಾ ಸೌಲಭ್ಯವಿದೆ.

ಹೆಜ್ಜೆ 5: ಕಸಿ

ಟ್ಯೂಬಿನ ಕಾರ್ಬಾಕ್ಸಿಲ್‌ಗೂ ಪಿವಿಎಯ ಹೈಡ್ರಾಕ್ಸಿಲ್‌ಗೂ ಎಸ್ಟರ್ ಬಂಧ ಕಟ್ಟಬೇಕು. ಹಳೆಯ ದಾರಿ ಥಯೋನಿಲ್ ಕ್ಲೋರೈಡ್. ಪಿವಿಎ ಚೆನ್ನಾಗಿ ಕರಗುವುದು ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ದ್ರಾವಕದಲ್ಲಿ, ಥಯೋನಿಲ್ ಕ್ಲೋರೈಡ್‌ಗೂ ಡಿಎಂಎಸ್‌ಒಗೂ ಮಾತ್ರ ಎಣ್ಣೆ-ಸೀಗೆಕಾಯಿ. ಸೇರಿದರೆ ಜೋರಾಗಿ ಕೆರಳುತ್ತವೆ. ಅದಕ್ಕೇ ಇಲ್ಲಿ ಕಾರ್ಬಾಕ್ಸಿಲನ್ನೂ ಹೈಡ್ರಾಕ್ಸಿಲನ್ನೂ ಜೋಡಿಸಲು ನೆರವಾಗುವ ಡಿಸಿಸಿ ಎಂಬ ಕಾರ್ಬೊಡೈಇಮೈಡ್ ಬಳಸುತ್ತೇವೆ.

ಬೇಕಾದದ್ದು ಇಷ್ಟು. ಕಾರ್ಬಾಕ್ಸಿಲ್ ಇರುವ ಟ್ಯೂಬ್ 100 ಮಿಲಿಗ್ರಾಂ. ಪಿವಿಎ 2 ಗ್ರಾಂ, ಸರಾಸರಿ ಅಣುತೂಕ 30,000ದ ಆಸುಪಾಸು. ಒಣ ಡಿಎಂಎಸ್‌ಒ ಒಟ್ಟು 100 ಮಿಲಿಲೀಟರ್. ಡಿಸಿಸಿ 206 ಮಿಲಿಗ್ರಾಂ, ಅಂದರೆ 1 ಮಿಲಿಮೋಲ್, ಕಾರ್ಬಾಕ್ಸಿಲ್‌ನ ಹತ್ತು ಪಟ್ಟು. ವೇಗವರ್ಧಕವಾಗಿ ಡಿಎಂಎಪಿ 12 ಮಿಲಿಗ್ರಾಂ.

ಪಿವಿಎಯನ್ನು ಹಿಂದಿನ ರಾತ್ರಿಯೇ ವ್ಯಾಕ್ಯೂಮ್ ಒಲೆಯಲ್ಲಿ 70 ಡಿಗ್ರಿಗೆ ಒಣಗಿಸಿಡಿ. ತೇವ ಇದ್ದರೆ ಡಿಸಿಸಿಯೆಲ್ಲ ನೀರಿನ ಪಾಲಾಗುತ್ತದೆ. ಅರ್ಧ ಡಿಎಂಎಸ್‌ಒನಲ್ಲಿ ಪಿವಿಎಯನ್ನು 80ರಿಂದ 90 ಡಿಗ್ರಿಯಲ್ಲಿ ಕರಗಿಸಿ ಕೋಣೆಯ ತಾಪಕ್ಕೆ ತನ್ನಿ. ಇನ್ನರ್ಧದಲ್ಲಿ ಟ್ಯೂಬ್ ಹಾಕಿ ಬಾತ್ ಸೋನಿಕೇಟರ್‌ನಲ್ಲಿ ಅರ್ಧ ಗಂಟೆ ಇಡಿ. ಪ್ರೋಬ್ ಸೋನಿಕೇಟರ್ ಬೇಡ. ಎರಡನ್ನೂ ನೈಟ್ರೊಜನ್ ಅಡಿಯಲ್ಲಿ ಸೇರಿಸಿ. ಡಿಎಂಎಪಿ ಹಾಕಿ, ಕೊನೆಗೆ ಸ್ವಲ್ಪ ಡಿಎಂಎಸ್‌ಒನಲ್ಲಿ ಕರಗಿಸಿದ ಡಿಸಿಸಿ ಸೇರಿಸಿ. 40 ಡಿಗ್ರಿ ಹತ್ತಿರ 24ರಿಂದ 48 ಗಂಟೆ ಕಲಕಲು ಬಿಡಿ.

ಕೆಲವು ಸಣ್ಣ ಸಂಗತಿಗಳು, ಆದರೆ ಗೊತ್ತಿರಬೇಕು. ಡಿಎಂಎಸ್‌ಒ 18 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ, ಹಾಗಾಗಿ ಐಸ್ ಬಾತ್ ಬೇಡ. ಡಿಸಿಸಿ ಮೇಣದಂಥ ವಸ್ತು, 35 ಡಿಗ್ರಿಗೆ ಕರಗುತ್ತದೆ. ಅದು ಚರ್ಮಕ್ಕೆ ತಾಗಿದರೆ ಜೀವನಪೂರ್ತಿ ಉಳಿಯುವ ಅಲರ್ಜಿ ಹತ್ತಬಹುದು. ಡಿಎಂಎಸ್‌ಒ ತನ್ನೊಳಗೆ ಕರಗಿದ್ದನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ಎರಡೂ ಒಂದೇ ಫ್ಲಾಸ್ಕಿನಲ್ಲಿವೆ, ಗವಸು ಬದಲಿಸುತ್ತಿರಿ. ಇನ್ನೊಂದು, ಯಾವ ಕಾರಣಕ್ಕೂ ಈ ಮಿಶ್ರಣಕ್ಕೆ ಆಮ್ಲ ವೇಗವರ್ಧಕ ಸೇರಿಸಬೇಡಿ. ಡಿಎಂಎಸ್‌ಒ, ಡಿಸಿಸಿ, ಜೊತೆಗೆ ಸೌಮ್ಯ ಆಮ್ಲ ಸೇರಿದರೆ ಅದು ಆಲ್ಕೊಹಾಲನ್ನು ಕೀಟೋನ್ ಮಾಡುವ ಹೆಸರಾಂತ ಫಿಟ್ಸ್‌ನರ್-ಮಾಫಟ್ ಕ್ರಿಯೆ. ಕೊಳೆತ ಎಲೆಕೋಸಿನ ವಾಸನೆ ಬಂತೆಂದರೆ ಅದು ಶುರುವಾಗಿದೆ ಎಂದು ತಿಳಿಯಿರಿ.

ಇದೇ ದಿನ, ಇದೇ ಹೊತ್ತಿಗೆ ಇನ್ನೊಂದು ಫ್ಲಾಸ್ಕ್ ಹೂಡಿ. ಅದರಲ್ಲಿ ಎಲ್ಲವೂ ಇರಲಿ, ಡಿಸಿಸಿ ಮಾತ್ರ ಬೇಡ. ಈ ಕಂಟ್ರೋಲ್ ಫ್ಲಾಸ್ಕ್ ಇಲ್ಲದ ಕಸಿಯ ಕೆಲಸವನ್ನು ನಾನು ನಂಬುವುದಿಲ್ಲ.

ಹೆಜ್ಜೆ 6: ಅಂಟಿದ್ದು ಯಾವುದು, ಕಟ್ಟಿದ್ದು ಯಾವುದು

ಪಿವಿಎಗೆ ಟ್ಯೂಬಿನ ಮೇಲೆ ಬಹಳ ಪ್ರೀತಿ. ಬಂಧ ಇರಲಿ ಇಲ್ಲದಿರಲಿ, ಹೋಗಿ ಅಂಟಿಕೊಳ್ಳುತ್ತದೆ. ಒಂದೆರಡು ಸಲ ತೊಳೆದು 'ಕಸಿಯಾಯಿತು' ಎಂದುಕೊಂಡರೆ ನೀವು ಅಳೆಯುವುದು ಅಂಟಿದ ಪಾಲಿಮರನ್ನು. ಎರಡೂ ಫ್ಲಾಸ್ಕುಗಳನ್ನು ಒಂದೇ ರೀತಿ, ಒಂದೇ ಅಳತೆಯ ದ್ರಾವಕದಲ್ಲಿ ತೊಳೆಯಬೇಕು.

ಮೊದಲು ಬಿಸಿ ಡಿಎಂಎಸ್‌ಒ, ಇದು ಕಸಿಯಾಗದ ಪಿವಿಎಯನ್ನು ಒಯ್ಯುತ್ತದೆ. ಆಮೇಲೆ ಬಿಸಿ ಎಥನಾಲ್. ಡಿಸಿಸಿ ತನ್ನ ಕೆಲಸ ಮುಗಿಸಿ ಡಿಸಿಯು ಎಂಬ ಯೂರಿಯಾ ಆಗಿರುತ್ತದೆ. ಅದು ನೀರಿನಲ್ಲಿ ಕರಗದ ಬಿಳಿ ಪುಡಿ, ಬಿಸಿ ಎಥನಾಲ್‌ನಲ್ಲಿ ಹೋಗುತ್ತದೆ. ಕೊನೆಗೆ 80ರಿಂದ 90 ಡಿಗ್ರಿಯ ನೀರು. ಪ್ರತಿ ಸಲವೂ ಮೆಂಬ್ರೇನ್ ಮೇಲೆ ಬರೀ ದ್ರಾವಕ ಸುರಿದರೆ ಸಾಲದು. ಕಪ್ಪು ಪದರವನ್ನು ಕೆರೆದು ತೆಗೆದು ಹೊಸ ದ್ರಾವಕದಲ್ಲಿ ಕಲಕಿ, ಸ್ವಲ್ಪ ಹೊತ್ತು ಸೋನಿಕೇಟ್ ಮಾಡಿ, ಮತ್ತೆ ಸೋಸಬೇಕು. ಈ ಎಲ್ಲ ಕೆಲಸದಲ್ಲಿ ಹೆಚ್ಚು ದಿನ ಹಿಡಿಯುವುದು ಈ ಹೆಜ್ಜೆಯೇ.

ಎಲ್ಲಿಯವರೆಗೆ? ಸೋಸಿದ ನೀರಿಗೆ ಬೋರಿಕ್ ಆಸಿಡ್ ದ್ರಾವಣ ಮತ್ತು ಅಯೋಡಿನ್-ಪೊಟ್ಯಾಶಿಯಂ ಅಯೋಡೈಡ್ ದ್ರಾವಣ ಕೆಲವು ಹನಿ ಹಾಕಿ. ಪಿವಿಎ ಇದ್ದರೆ ನೀಲಿ-ಹಸಿರು ಬಣ್ಣ ಬರುತ್ತದೆ. ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯಿರಿ. ದುಬಾರಿ ಯಂತ್ರ ಬೇಡದ, ಕಣ್ಣಿಗೆ ಕಾಣುವ ಪರೀಕ್ಷೆ ಇದು. ಯಾಕೋ ಜನ ಇದನ್ನು ಕಡಿಮೆ ಬಳಸುತ್ತಾರೆ.

ತೊಳೆದ ಮೇಲೆ ಪೂರ್ತಿ ಒಣಗಿಸಬೇಡಿ. ಅಳತೆಗೆ ಬೇಕಾದಷ್ಟು ಒಣಗಿಸಿ, ಉಳಿದದ್ದನ್ನು ನೀರಿನಲ್ಲೇ ಇಡಿ.

ಹೆಜ್ಜೆ 7: ಕಸಿಯ ಲೆಕ್ಕ

ಟಿಜಿಎಯನ್ನು ಈ ಸಲ ನೈಟ್ರೊಜನ್‌ನಲ್ಲಿ, ನಿಮಿಷಕ್ಕೆ 10 ಡಿಗ್ರಿಯಂತೆ ನಡೆಸಿ. ಡಿಎಂಎಸ್‌ಒ 189 ಡಿಗ್ರಿಗೆ ಕುದಿಯುತ್ತದೆ. ಅದರ ಉಳಿಕೆ ಪಾಲಿಮರ್ ಲೆಕ್ಕಕ್ಕೆ ಸೇರದಂತೆ 200 ಡಿಗ್ರಿಯಲ್ಲಿರುವ ತೂಕವನ್ನೇ 100 ಎಂದು ಹಿಡಿಯಿರಿ. ಮೂರು ವಸ್ತುಗಳನ್ನು ಅಳೆಯಬೇಕು: ಕಸಿಯಾದ ಟ್ಯೂಬ್, ಕಸಿಗೆ ಮುಂಚಿನ ಕಾರ್ಬಾಕ್ಸಿಲ್ ಟ್ಯೂಬ್, ಬರೀ ಪಿವಿಎ.

550 ಡಿಗ್ರಿಯಲ್ಲಿ ಉಳಿದದ್ದು ಕ್ರಮವಾಗಿ ಶೇ 70, 92 ಮತ್ತು 4 ಎಂದುಕೊಳ್ಳಿ. ಇವು ಲೆಕ್ಕ ತೋರಿಸಲು ತೆಗೆದುಕೊಂಡ ಅಂಕಿಗಳು. ಪಾಲಿಮರ್ ಪಾಲು 'ಪ' ಆದರೆ, 0.70 = 0.92 × (1 − ಪ) + 0.04 × ಪ. ಬಿಡಿಸಿದರೆ ಪ = 0.25. ಅಂದರೆ ಶೇ 25 ಪಿವಿಎ. 100ರಿಂದ 70 ಕಳೆದು 'ಶೇ 30 ಕಸಿ' ಎಂದು ಬರೆದರೆ ತಪ್ಪು, ಕಾರ್ಬಾಕ್ಸಿಲ್‌ಗಳೂ ಒಂದಿಷ್ಟು ಹೋಗಿರುತ್ತವೆ. ಕಂಟ್ರೋಲ್‌ನಲ್ಲಿ ಇದೇ ಲೆಕ್ಕಕ್ಕೆ ಶೇ 6 ಬಂದರೆ ಅದು ಅಂಟಿದ್ದು. ನಿಮ್ಮ ಕಸಿ ಸುಮಾರು 19, 25 ಅಲ್ಲ.

ಆ 25ನ್ನೇ ಹಿಡಿದು ಮುಂದೆ ಹೋಗೋಣ. ಒಂದು ಗ್ರಾಂ ಟ್ಯೂಬಿಗೆ 0.33 ಗ್ರಾಂ ಪಿವಿಎ. ಅಣುತೂಕ 30,000ದಿಂದ ಭಾಗಿಸಿದರೆ ಗ್ರಾಂಗೆ 11 ಮೈಕ್ರೊಮೋಲ್ ಸರಪಳಿ. ಇದ್ದ ಕಾರ್ಬಾಕ್ಸಿಲ್ 1,000 ಮೈಕ್ರೊಮೋಲ್. ಅಂದರೆ ಸರಿಸುಮಾರು 90 ಕಾರ್ಬಾಕ್ಸಿಲ್‌ಗೆ ಒಂದು ಸರಪಳಿ, 7,500 ಕಾರ್ಬನ್ ಪರಮಾಣುಗಳಿಗೆ ಒಂದು. ಒಂದು ಉದ್ದ ಸರಪಳಿ ಕೂತರೆ ತನ್ನ ಸುತ್ತಲಿನ ಜಾಗವನ್ನೆಲ್ಲ ಆವರಿಸಿ ಮುಂದಿನದನ್ನು ತಡೆಯುತ್ತದೆ. ಪಿವಿಎ ಸರಪಳಿಯ ಉದ್ದಕ್ಕೂ ಹೈಡ್ರಾಕ್ಸಿಲ್ ಇರುವುದರಿಂದ ಒಂದೇ ಸರಪಳಿ ಹಲವು ಕಡೆ ಕಟ್ಟಿಕೊಳ್ಳುವುದೂ ಉಂಟು. ಆಸಿಡ್‌ನಲ್ಲಿ ಇಡೀ ದಿನ ಕುದಿಸಿ ಕಾರ್ಬಾಕ್ಸಿಲ್ ದುಪ್ಪಟ್ಟು ಮಾಡಿದರೂ ಪ್ರಯೋಜನ ಕಡಿಮೆ ಎಂದದ್ದು ಇದಕ್ಕೆ.

ರಾಮನ್ ಮತ್ತೆ ನೋಡಿ. ಆಸಿಡ್ ಹೆಜ್ಜೆಯಲ್ಲಿ ಡಿ ಮತ್ತು ಜಿ ಅನುಪಾತ ಏರಿದ್ದರೆ ಸಹಜ. ಕಸಿ ಹೆಜ್ಜೆಯಲ್ಲಿ ಏರಬಾರದು, ಯಾಕೆಂದರೆ ಅಲ್ಲಿ ಇದ್ದ ಕಾರ್ಬಾಕ್ಸಿಲ್‌ಗೇ ಪಾಲಿಮರ್ ಕೂರುತ್ತದೆ, ಹೊಸ ಗಾಯ ಇಲ್ಲ. ಏರಿದ್ದರೆ ಸೋನಿಕೇಶನ್ ಜಾಸ್ತಿಯಾಗಿದೆಯೇ ನೋಡಿ. ಎಕ್ಸ್‌ಪಿಎಸ್‌ನಲ್ಲಿ ನೈಟ್ರೊಜನ್ ಕಂಡರೆ ಡಿಸಿಯು ಪೂರ್ತಿ ಹೋಗಿಲ್ಲ, ಅಥವಾ ಡಿಸಿಸಿ ಎಸ್ಟರ್ ಮಾಡುವ ಬದಲು ಎನ್-ಅಸೈಲ್ ಯೂರಿಯಾ ಆಗಿ ಟ್ಯೂಬಿನ ಮೇಲೇ ಕೂತುಬಿಟ್ಟಿದೆ. ಎರಡನೆಯದು ತೊಳೆದರೆ ಹೋಗದು.

ಇನ್ನೂ ಅನುಮಾನವಿದ್ದರೆ ಬಂಧ ಮುರಿದು ನೋಡಿ. ಎಸ್ಟರ್ ಕ್ಷಾರಕ್ಕೆ ಮುರಿಯುತ್ತದೆ. ಕಸಿಯಾದ ಟ್ಯೂಬನ್ನು ಬಿಸಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕಲಕಿ ಸೋಸಿ, ಪಿಎಚ್ ಸರಿಪಡಿಸಿ ಅಯೋಡಿನ್ ಪರೀಕ್ಷೆ ಮಾಡಿ. ಬಿಸಿ ನೀರಿಗೆ ಬಿಡದ ಪಿವಿಎ ಈಗ ಹೊರಬಂದರೆ ಅದು ಕಟ್ಟಿಕೊಂಡಿದ್ದದ್ದೇ.

ಕಪ್ಪಗೆ ಹರಡಿದ ದ್ರಾವಣದ ಬಾಟಲಿ ಫೋಟೊ ಪಕ್ಕದಲ್ಲಿ ತಳ ಸೇರಿದ ಟ್ಯೂಬಿನ ಬಾಟಲಿ ಫೋಟೊ ಹಾಕುವುದು ಒಂದು ಸಂಪ್ರದಾಯವೇ ಆಗಿದೆ. ಚೆಂದ ಕಾಣುತ್ತದೆ. ಆದರೆ ಬರೀ ಕಾರ್ಬಾಕ್ಸಿಲ್ ಟ್ಯೂಬೂ ನೀರಿನಲ್ಲಿ ತಿಂಗಳುಗಟ್ಟಲೆ ಹಾಗೇ ನಿಲ್ಲುತ್ತದೆ. ಅದು ಕಸಿಗೆ ಪುರಾವೆಯಲ್ಲ.

ಹೆಜ್ಜೆ 8: ಫಿಲ್ಮ್

2 ಗ್ರಾಂ ಫಿಲ್ಮ್‌ಗೆ ಶೇ 0.5 ಟ್ಯೂಬ್ ಬೇಕು ಅಂದರೆ 10 ಮಿಲಿಗ್ರಾಂ ಟ್ಯೂಬ್. ಕಸಿಯಾದ ಮಾಲಿನಲ್ಲಿ ಟ್ಯೂಬಿನ ಪಾಲು ಶೇ 75 ಮಾತ್ರ, ಹಾಗಾಗಿ 13.3 ಮಿಲಿಗ್ರಾಂ ತೂಗಬೇಕು. ಈ ತಿದ್ದುಪಡಿ ಮಾಡದೆ ಹೋಲಿಸಿದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಪಿವಿಎಯನ್ನು 90 ಡಿಗ್ರಿ ನೀರಿನಲ್ಲಿ ಶೇ 5ರಂತೆ ಕರಗಿಸಿ, ಟ್ಯೂಬಿನ ನೀರನ್ನು ಸೇರಿಸಿ, ಬಾತ್ ಸೋನಿಕೇಟರ್‌ನಲ್ಲಿ 20 ನಿಮಿಷ ಇಡಿ. ಗುಳ್ಳೆ ಹೋಗುವವರೆಗೆ ಬಿಟ್ಟು, ಮಟ್ಟ ನೋಡಿಟ್ಟ ಪೆಟ್ರಿ ಡಿಶ್‌ಗೆ ಸುರಿಯಿರಿ. 40 ಡಿಗ್ರಿಯಲ್ಲಿ ನಿಧಾನವಾಗಿ ಒಣಗಲಿ. ಶೇ 0.1, 0.25, 0.5, 1 ಹೀಗೆ ಸರಣಿ ಮಾಡಿ. ಬರೀ ಪಿವಿಎ, ಕಚ್ಚಾ ಟ್ಯೂಬ್, ಕಾರ್ಬಾಕ್ಸಿಲ್ ಟ್ಯೂಬ್, ಕಂಟ್ರೋಲ್ ಟ್ಯೂಬ್‌ಗಳ ಫಿಲ್ಮ್‌ಗಳೂ ಜೊತೆಗಿರಲಿ.

ಪಿವಿಎ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಅಳೆದ ಫಿಲ್ಮನ್ನು ಬೇಸಿಗೆಯದರ ಜೊತೆ ಹೋಲಿಸುವುದು ವ್ಯರ್ಥ. ಡೆಸಿಕೇಟರ್ ತಳದಲ್ಲಿ ಮೆಗ್ನೀಶಿಯಂ ನೈಟ್ರೇಟ್‌ನ ಸಂತೃಪ್ತ ದ್ರಾವಣ ಇಟ್ಟರೆ 25 ಡಿಗ್ರಿಯಲ್ಲಿ ಆರ್ದ್ರತೆ ಶೇ 53ರ ಹತ್ತಿರ ನಿಲ್ಲುತ್ತದೆ. ಎಲ್ಲ ಫಿಲ್ಮ್‌ಗಳನ್ನೂ ಕೆಲವು ದಿನ ಅದರಲ್ಲಿಟ್ಟು ಆಮೇಲೆ ಎಳೆತದ ಪರೀಕ್ಷೆ ಮಾಡಿ. ತೆಳು ಫಿಲ್ಮ್‌ಗೆ ಎಎಸ್‌ಟಿಎಂ ಡಿ882 ಕ್ರಮ ಇದೆ. ಪ್ರತಿ ಮಾದರಿಗೆ ಕನಿಷ್ಠ ಐದು ಪಟ್ಟಿ.

ಬಲ ಹೆಚ್ಚಾಗಿದ್ದರೆ ತಕ್ಷಣ ಕಸಿಗೆ ಶ್ರೇಯ ಕೊಡಬೇಡಿ. ಟ್ಯೂಬಿನ ಸುತ್ತ ಪಿವಿಎ ಹರಳುಗಟ್ಟುತ್ತದೆ ಎಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಕೋಲ್‌ಮನ್ ತಂಡ ತೋರಿಸಿದೆ. ಹರಳಿನ ಪಾಲು ಏರಿದರೆ ಬರೀ ಪಿವಿಎಯೂ ಗಟ್ಟಿಯಾಗುತ್ತದೆ. ಡಿಎಸ್‌ಸಿ ಎಂಬ ಶಾಖಮಾಪಕ ಯಂತ್ರದಲ್ಲಿ ಕರಗುವ ಶಾಖ ಅಳೆದು, ಪೂರ್ತಿ ಹರಳಾದ ಪಿವಿಎಯ 138.6 ಜೂಲ್ ಪ್ರತಿ ಗ್ರಾಂಗೆ ಹೋಲಿಸಿ. ಫಿಲ್ಮಿನಲ್ಲಿರುವ ಟ್ಯೂಬಿನ ತೂಕ ಕಳೆಯುವುದು ನೆನಪಿರಲಿ. ಹರಿದ ಅಂಚನ್ನು ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ನುಣುಪಾದ ಟ್ಯೂಬುಗಳು ಉದ್ದಕ್ಕೆ ಹೊರಚಾಚಿದ್ದರೆ ಜಾರಿವೆ. ಮೊಟಕಾಗಿ, ಪಾಲಿಮರ್ ಹೊದ್ದು ನಿಂತಿದ್ದರೆ ಹಿಡಿತ ಕೆಲಸ ಮಾಡಿದೆ.

ಬೇರೆ ಪಾಲಿಮರ್ ಆದರೆ

ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಅಥವಾ ಪಾಲಿಸ್ಟೈರೀನ್ ಕಾಂಪೊಸಿಟ್‌ಗೆ 'ಗ್ರಾಫ್ಟಿಂಗ್ ಫ್ರಮ್' ಒಳ್ಳೆಯದು. ಶಾಂಘಾಯ್ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದ ತಂಡ 2004ರಲ್ಲಿ ತೋರಿಸಿದ ಎಟಿಆರ್‌ಪಿ (ಸರಪಳಿಯ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಪಾಲಿಮರೀಕರಣ) ದಾರಿ ಹೀಗೆ: ಕಾರ್ಬಾಕ್ಸಿಲನ್ನು ಥಯೋನಿಲ್ ಕ್ಲೋರೈಡ್‌ನಿಂದ ಆಸಿಡ್ ಕ್ಲೋರೈಡ್ ಮಾಡಿ, ಎಥಿಲೀನ್ ಗ್ಲೈಕಾಲ್ ಕಟ್ಟಿ, ಅದರ ತುದಿಗೆ ಬ್ರೋಮೊ ಎಸ್ಟರ್ ಕೂರಿಸಿ, ತಾಮ್ರದ ಬ್ರೋಮೈಡ್ ಜೊತೆ 60 ಡಿಗ್ರಿಯಲ್ಲಿ ಮೊನೊಮರ್ ಬೆಳೆಸುವುದು. ಮೊನೊಮರ್ ಚಿಕ್ಕದು, ಸಂದಿಗೊಂದಿಗೂ ತಲುಪುತ್ತದೆ, ಹಾಗಾಗಿ ಸರಪಳಿಗಳು ದಟ್ಟವಾಗಿ ಬರುತ್ತವೆ. ಬದಲಿಗೆ ಆಮ್ಲಜನಕವನ್ನು ಪೂರ್ತಿ ಹೊರಗಿಡಬೇಕು, ಕೊನೆಗೆ ತಾಮ್ರವನ್ನು ತೊಳೆದು ತೆಗೆಯಬೇಕು. ಗಾಳಿ ತಾಗದಂತೆ ಕೆಲಸ ಮಾಡಲು ಬಳಸುವ ಶ್ಲೆಂಕ್ ಲೈನ್ ಅಭ್ಯಾಸವಿಲ್ಲದವರು ಇದರಿಂದ ಶುರು ಮಾಡದಿರುವುದು ಒಳ್ಳೆಯದು.

ಎಪಾಕ್ಸಿ ಆದರೆ ಉದ್ದ ಸರಪಳಿಯೇ ಬೇಕಿಲ್ಲ. ಕಾರ್ಬಾಕ್ಸಿಲ್‌ಗೆ ಎರಡು ತುದಿಯಲ್ಲೂ ಅಮೀನ್ ಇರುವ ಪಾಲಿಈಥರ್ ಕಟ್ಟಿ. ಒಂದು ತುದಿ ಟ್ಯೂಬಿಗೆ, ಇನ್ನೊಂದು ತುದಿ ರೆಸಿನ್ ಗಟ್ಟಿಯಾಗುವಾಗ ಎಪಾಕ್ಸಿಯ ಜಾಲಕ್ಕೆ ಸೇರುತ್ತದೆ. ಅಮೀನನ್ನು ಬಹಳ ಹೆಚ್ಚಿಗೆ ಹಾಕಿ, ಇಲ್ಲದಿದ್ದರೆ ಅದರ ಎರಡೂ ತುದಿ ಟ್ಯೂಬಿಗೇ ಕಟ್ಟಿಕೊಂಡು ಟ್ಯೂಬುಗಳು ಒಂದಕ್ಕೊಂದು ಜೋಡಿಕೊಳ್ಳುತ್ತವೆ. ಟ್ಯೂಬಿನ ಮೇಲಿನ ಅಮೀನ್ ಹಾರ್ಡನರ್‌ನ ಕೆಲಸವನ್ನೂ ಸ್ವಲ್ಪ ಮಾಡುತ್ತದೆ. ಟ್ಯೂಬ್ ಶೇ 0.5 ದಾಟಿದರೆ ಹಾರ್ಡನರ್ ಅಳತೆಯಲ್ಲಿ ಅದನ್ನೂ ಲೆಕ್ಕ ಹಾಕಿ ನೋಡಿ. ತೊಳೆಯುವುದು, ಕಂಟ್ರೋಲ್ ಫ್ಲಾಸ್ಕ್, ಟಿಜಿಎ ಲೆಕ್ಕ ಎಲ್ಲ ಮೇಲಿನ ಹಾಗೇ. ಅಯೋಡಿನ್ ಪರೀಕ್ಷೆಯ ಬದಲು ನಿನ್‌ಹೈಡ್ರಿನ್ ಬಳಸಿದರೆ ಬಿಡಿ ಅಮೀನ್ ಉಳಿದಿದೆಯೇ ಎಂದು ಸೋಸಿದ ದ್ರಾವಣದಲ್ಲಿ ನೇರಳೆ ಬಣ್ಣದಿಂದ ಗೊತ್ತಾಗುತ್ತದೆ.